ಕೋಣದ ಮೈಕಟ್ಟು, ಕಂಬಳದ ಕಟ್ಟಳೆ

ಕುಂದಾಪುರ ಸೀಮೆಯ ಹಾಲಾಡಿಯ ಆಸುಪಾಸಿನಲ್ಲಿ ಕಂಬಳಗದ್ದೆಗಳಿಗೆ ಬರವಿಲ್ಲ. ವಂಡಾರು, ಚೋರಾಡಿ, ಮೊಳಹಳ್ಳಿ, ಯಡ್ತಾಡಿ. ಬೈಂದೂರಿನ ಕಡೆ ಹೋದರೆ ತಗ್ಗರ್ಸೆ. ಕಾರ್ತಿ ಬೆಳೆ ಕೊಯ್ದಾದ ಮೇಲೆ ಮನೆತನದ ದೊಡ್ಡ ಗದ್ದೆಗೆ ನೀರು ಕಟ್ಟಿ, ಉತ್ತು ಕೆಸರು ಹದ ಮಾಡಿ, ದೈವ ದೇವರಿಗೆ ಸಲ್ಲಬೇಕಾದ್ದನ್ನು ಸಲ್ಲಿಸಿ ಕೋಣಗಳನ್ನು ಇಳಿಸುತ್ತಾರೆ. ತೆಂಕಣದ ಜೋಡುಕರೆ ಕಂಬಳಗಳಲ್ಲಿ ಎರಡು ಜೋಡಿಗಳು ಅಕ್ಕಪಕ್ಕದಲ್ಲೇ ಪೈಪೋಟಿಗೆ ಬಿದ್ದು ಓಡುತ್ತವೆ. ಕುಂದಾಪುರ ಸೀಮೆಯ ಸಾಂಪ್ರದಾಯಿಕ ಕಂಬಳದಲ್ಲಿ ಓಡುವುದು ಒಂದೊಂದೇ ಜೋಡಿ. ಎರಡು ಕಡೆಯೂ ನೋಡುವವರ ಕಣ್ಣು ಮೊದಲು ಹೋಗುವುದು ಕೋಣದ ಮೈಕಟ್ಟಿನ ಮೇಲೆ.

ಕೋಣ ಕೊಳ್ಳಲು ಬಂದವರು ನೋಡುವ ಕ್ರಮವೇ ಒಂದು ವಿದ್ಯೆ. ತುಟಿ ಎತ್ತಿ ಹಲ್ಲು ನೋಡುತ್ತಾರೆ. ಹಲ್ಲು ಪ್ರಾಯ ಹೇಳುತ್ತದೆ. ಕಿರಿಯ ವಿಭಾಗವೋ ಹಿರಿಯ ವಿಭಾಗವೋ ಎಂಬುದೂ ಅದರಿಂದಲೇ ತೀರ್ಮಾನ. ಆಮೇಲೆ ಹಿಂದೆ ನಿಂತು ತೊಡೆಯ ತುಂಬು ನೋಡುತ್ತಾರೆ. ನಾಲ್ಕು ಹೆಜ್ಜೆ ನಡೆಸಿ, ಹಿಂಗಾಲು ನೇರ ಬೀಳುತ್ತದೆಯೋ ಅಡ್ಡ ಎಳೆಯುತ್ತದೆಯೋ ಗಮನಿಸುತ್ತಾರೆ. ಬಾಗಿ ಗೊರಸು ನೋಡುತ್ತಾರೆ. ಮೈಮೇಲಿನ ಸುಳಿ ನೋಡುವವರೂ ಉಂಟು. ಸುಳಿ ನಂಬಿಕೆಯ ವಿಷಯ. ತೊಡೆ, ಕಾಲು, ಗೊರಸು ಓಟದ ವಿಷಯ.

ಗೊರಸಿನಿಂದಲೇ ಶುರು ಮಾಡಿ, ಓಟದ ಕುದುರೆಯ ಜೊತೆ ಹೋಲಿಸಿ ನೋಡೋಣ. ಕುದುರೆಯದು ಒಂಟಿ ಗೊರಸು, ಗಟ್ಟಿ ನೆಲಕ್ಕೆ ಹೇಳಿ ಮಾಡಿಸಿದ್ದು. ಕೋಣದ್ದು ಸೀಳು ಗೊರಸು, ಅಗಲವಾದದ್ದು. ಕೆಸರಿಗೆ ಇಟ್ಟಾಗ ಎರಡು ಸೀಳೂ ಅರಳಿ ಭಾರ ಹಂಚಿಹೋಗುತ್ತದೆ, ಎತ್ತುವಾಗ ಕೂಡಿಕೊಂಡು ಸಲೀಸಾಗಿ ಮೇಲೆ ಬರುತ್ತದೆ. ಗೊರಸಿನ ಮೇಲಿನ ಗಂಟು ಚೆನ್ನಾಗಿ ಬಳುಕುತ್ತದೆ. ರೇಸಿನ ಕುದುರೆ ಕಾಲು ಮುರಿದುಕೊಳ್ಳುವಂಥ ಕೆಸರಲ್ಲಿ ಕೋಣ ಹುಮ್ಮಸ್ಸಿನಿಂದ ಓಡುವುದು ಈ ಕಾರಣಕ್ಕೆ.

ಇನ್ನು ತೊಡೆ. ಕುದುರೆಗಳಲ್ಲಿ ಗಿಡ್ಡ ದೂರದ ಓಟಗಾರರು ಬೇರೆ, ಉದ್ದ ದೂರದವರು ಬೇರೆ. ಡಬ್ಲಿನ್‌ನ ವಿಜ್ಞಾನಿ ಎಮೆಲಿನ್ ಹಿಲ್ ಅವರ ತಂಡ 2010ರಲ್ಲಿ ತೋರಿಸಿದಂತೆ, ಸ್ನಾಯುವಿನ ಬೆಳವಣಿಗೆಯನ್ನು ಹಿಡಿತದಲ್ಲಿಡುವ ಮಯೋಸ್ಟಾಟಿನ್ ಎಂಬ ಒಂದೇ ಜೀನಿನ ವ್ಯತ್ಯಾಸದಿಂದ ಯಾವ ಕುದುರೆಗೆ ಎಷ್ಟು ದೂರ ಒಗ್ಗುತ್ತದೆ ಎಂದು ಅಂದಾಜು ಮಾಡಬಹುದು. ಮಾಂಸ ತುಂಬಿದ ಮೈ 1000 ಮೀಟರಿಗೆ, ತೆಳ್ಳನೆಯ ಮೈ 2400 ಮೀಟರಿಗೆ. ಕಂಬಳದ ಕರೆ, ಅಂದರೆ ಓಟದ ಪಥ, ನೂರೈವತ್ತು ಮೀಟರಿನ ಆಸುಪಾಸು, ಓಟ ಹದಿಮೂರು ಹದಿನಾಲ್ಕು ಸೆಕೆಂಡಿನದು. ಅಷ್ಟು ಹೊತ್ತಿಗೆ ಬೇಕಾದ್ದು ಸಿಡಿಯುವ ಬಲ, ಅದು ಬರುವುದು ತುಂಬಿದ ಹಿಂತೊಡೆಯಿಂದ. ಹಾಗೆಂದು ಎದೆಯ ಅಗಲ ಲೆಕ್ಕಕ್ಕಿಲ್ಲ ಎನ್ನುವಂತಿಲ್ಲ. ಜೋಡುಕರೆಯಲ್ಲಿ ಗೆದ್ದ ಜೋಡಿ ಫೈನಲ್‌ವರೆಗೆ ಮತ್ತೆಮತ್ತೆ ಓಡಬೇಕು. ಒಂದು ಓಟದ ದಣಿವು ಆರಿಸಿಕೊಂಡು ಮುಂದಿನದಕ್ಕೆ ನಿಲ್ಲಲು ಶ್ವಾಸಕೋಶಕ್ಕೆ ಜಾಗ ಬೇಕು.

ಕೋಣಕ್ಕೆ ಕಟ್ಟುವ ಸಾಧನಕ್ಕೆ ತಕ್ಕಂತೆಯೂ ಓಟದ ವಿಭಾಗಗಳಿವೆ; ವಿಭಾಗ ಬದಲಾದರೆ ಬೇಕಾದ ಮೈಯೂ ಬದಲಾಗುತ್ತದೆ. ಹಗ್ಗ, ನೇಗಿಲು ವಿಭಾಗಗಳಲ್ಲಿ ಎಳೆಯುವ ಭಾರ ಕಡಿಮೆ, ಚುರುಕಿಗೆ ಬೆಲೆ. ಅಡ್ಡ ಹಲಗೆಯಲ್ಲಿ ಓಡಿಸುವವರು ಹಲಗೆಯ ಮೇಲೇ ನಿಲ್ಲುವುದರಿಂದ ಕೋಣಕ್ಕೆ ತೂಕ, ಹೆಗಲಿನ ಬಲ ಬೇಕು. ಕನೆ ಹಲಗೆಯಲ್ಲಿ ಗೆಲುವನ್ನು ತೀರ್ಮಾನಿಸುವುದು ನೀರು. ಹಲಗೆಯ ತೂತುಗಳಿಂದ ಚಿಮ್ಮಿದ ನೀರು ಆರೂವರೆ ಕೋಲು, ಏಳೂವರೆ ಕೋಲು ಎತ್ತರಕ್ಕೆ ಕಟ್ಟಿದ ನಿಶಾನೆಯನ್ನು ಮುಟ್ಟಬೇಕು. ಅಲ್ಲಿ ಕೋಣ ಒಂದಿಷ್ಟು ಓಲಾಡಿದರೂ ನೀರು ಚದುರುತ್ತದೆ.

ಕುದುರೆಯ ಓಟದಲ್ಲಿ ಇಲ್ಲದ ಒಂದು ಕಷ್ಟ ಕಂಬಳದಲ್ಲಿದೆ: ಇಲ್ಲಿ ಓಡುವುದು ಜೋಡಿ. ಒಂದೇ ನೊಗದಡಿ ಒಂದರ ಹೆಜ್ಜೆ ಉದ್ದ, ಇನ್ನೊಂದರದು ಗಿಡ್ಡವಾದರೆ ನೊಗ ಓರೆಯಾಗುತ್ತದೆ, ಕೋಣಗಳು ಬದಿಗೆ ಸರಿಯುತ್ತವೆ. ಅದಕ್ಕೇ ಎತ್ತರ, ಹೆಜ್ಜೆ, ಸ್ವಭಾವ ಮೂರನ್ನೂ ನೋಡಿ ಜೋಡಿ ಹೊಂದಿಸುತ್ತಾರೆ. ಎಡಕ್ಕೆ ಪಳಗಿದ್ದು ಎಡಕ್ಕೇ, ಬಲಕ್ಕೆ ಪಳಗಿದ್ದು ಬಲಕ್ಕೇ. ಎಂಥ ಕಸುವಿನ ಕೋಣವಾದರೂ ಸರಿಜೋಡಿ ಸಿಗದಿದ್ದರೆ ಅದರ ಓಟ ಹಟ್ಟಿಯಲ್ಲೇ ಉಳಿಯುತ್ತದೆ.

ಈ ಮೈಯ ವೇಗ ಎಷ್ಟು? 2020ರ ಫೆಬ್ರುವರಿಯಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು ಓಡಿಸಿದ ಜೋಡಿ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಮುಗಿಸಿತು. ಅಂದರೆ ಗಂಟೆಗೆ ಸುಮಾರು 38 ಕಿಲೋಮೀಟರ್. ಕುದುರೆಯ ದಾಖಲೆ ವೇಗ 70 ದಾಟುತ್ತದೆ, ಆದರೆ ಅದು ಒಣ ನೆಲದ ಲೆಕ್ಕ. ಕೆಸರು ನೀರನ್ನು ಸೀಳಿಕೊಂಡು, ಹಿಂದೆ ಒಬ್ಬ ಮನುಷ್ಯನನ್ನೂ ಸೆಳೆದುಕೊಂಡು ಅದರ ಅರ್ಧಕ್ಕಿಂತ ಹೆಚ್ಚು ವೇಗ ಮುಟ್ಟುವುದು ಕೋಣದ ಹೆಗ್ಗಳಿಕೆ.

ಅದರ ಮಿತಿಯೂ ಮೈಯಲ್ಲೇ ಇದೆ. ಕೋಣದ ಚರ್ಮ ಕಪ್ಪು, ಬೆವರುಗ್ರಂಥಿಗಳು ದನಕ್ಕಿಂತ ಬಹಳ ಕಡಿಮೆ. ಮೈ ಬಿಸಿಯಾದರೆ ಬೆವರಿ ತಣಿಯುವ ದಾರಿ ಕಿರಿದು, ನೀರೇ ಗತಿ. ಚಳಿಗಾಲದ ಸಮಯ, ಗಿಡ್ಡ ಓಟ, ಕೆಸರು ನೀರಿನ ಕರೆ, ಓಟ ಮುಗಿದೊಡನೆ ಮೈಗೆ ತಣ್ಣೀರು, ಇವೆಲ್ಲ ಆ ಮಿತಿಗೆ ತಕ್ಕಂತೆ ಇವೆ. ಬೇಯಿಸಿದ ಹುರುಳಿ, ಎಣ್ಣೆ ತಿಕ್ಕುವುದು, ಈಜಿಸುವುದು ಕೂಡ ಮೈಯ ಆರೈಕೆಯೇ.

ಕೋರ್ಟಿನಲ್ಲೂ ಪ್ರಶ್ನೆ ಬಂದದ್ದು ಮೈಕಟ್ಟಿನ ಮೇಲೆಯೇ. 2014ರ ಮೇ 7ರಂದು ಸುಪ್ರೀಂ ಕೋರ್ಟು ಜಲ್ಲಿಕಟ್ಟು ಮತ್ತು ಎತ್ತಿನ ಗಾಡಿ ಓಟವನ್ನು ನಿಷೇಧಿಸಿದಾಗ, ಹೋರಿಯ ದೇಹರಚನೆ ಓಟದ ಪ್ರದರ್ಶನಕ್ಕೆ ಆದದ್ದಲ್ಲ ಎಂದಿತ್ತು. ಆ ತೀರ್ಪಿನ ನೆರಳಿನಲ್ಲಿ ಕಂಬಳವೂ ನಿಂತಿತು. 2017ರಲ್ಲಿ ಕರ್ನಾಟಕ ಪ್ರಾಣಿಹಿಂಸೆ ತಡೆ ಕಾಯ್ದೆಗೆ ತಿದ್ದುಪಡಿ ತಂದು ಕಂಬಳಕ್ಕೆ ದಾರಿ ಮಾಡಿತು; 2023ರ ಮೇ 18ರಂದು ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ಕೋಣ ಕುದುರೆಯಲ್ಲ ಎಂಬುದು ನಿಜ. ಅದನ್ನು ಕುದುರೆಯಂತೆ ಓಡಿಸದಿರುವುದೇ ಕಂಬಳದ ಧರ್ಮ. ಬಿಸಿಲಲ್ಲಿ ಗಂಟೆಗಟ್ಟಲೆ ಕಾಯಿಸುವುದು, ಮನಬಂದಂತೆ ಬೆತ್ತ ಬೀಸುವುದು ಕಾಯ್ದೆಯ ಜೊತೆಗೆ ಆ ಧರ್ಮಕ್ಕೂ ತಪ್ಪಿ ನಡೆದಂತೆ.

ಒಂದು ಕೆಲಸ ಬಾಕಿ ಇದೆ. ಯಾವ ಮೈ ಯಾವ ವಿಭಾಗಕ್ಕೆ, ಯಾವ ಹೆಜ್ಜೆಗೆ ಯಾವ ಹೆಜ್ಜೆ ಜೋಡಿ ಎಂಬ ತಿಳಿವಳಿಕೆ ಹೆಚ್ಚಾಗಿ ಹಿರಿಯರ ಕಣ್ಣಲ್ಲೇ ಇದೆ. ಪಶುವೈದ್ಯರು ಹಟ್ಟಿಗೆ ಬಂದು ಅಳೆದು, ತೂಗಿ, ಓಟದ ಮೊದಲು ಮತ್ತು ನಂತರ ಮೈಬಿಸಿ ನೋಡಿ, ಹಿರಿಯರ ಮಾತಿನ ಪಕ್ಕದಲ್ಲಿ ಬರೆದಿಡಬೇಕು. ಹಾಗಾದರೆ ಕೋಣಕ್ಕೆ ಎಷ್ಟು ಓಟ ಹಿತ, ಎಷ್ಟು ಹೆಚ್ಚು ಎಂಬುದಕ್ಕೆ ಕಂಬಳದವರ ಕೈಯಲ್ಲೇ ಲೆಕ್ಕ ಇರುತ್ತದೆ, ಕೇಳಿದವರಿಗೆ ತೋರಿಸಲೂ ಆಗುತ್ತದೆ.