ಓಡಿಸದೆಯೇ ಅನಂತವನ್ನು ಅಳೆದವರು

ಪ್ರೋಗ್ರಾಮನ್ನು ಒಮ್ಮೆಯೂ ಓಡಿಸುವುದಿಲ್ಲ. ಆದರೂ ಅದು ಎಷ್ಟು ಬಗೆಯಲ್ಲಿ ಓಡಿದರೂ ಎಡವದು ಎಂದು ಗಣಿತದಿಂದ ಸಾಧಿಸಿ ತೋರಿಸಬಹುದು! ಈ ಬೆರಗಿನ ಬೆನ್ನುಹತ್ತಿದವರು ಫ್ರಾನ್ಸಿನ ಪ್ಯಾಟ್ರಿಕ್ ಕೂಝೊ ಮತ್ತು ಟುನೀಷಿಯಾದಲ್ಲಿ ಹುಟ್ಟಿದ ಅವರ ಪತ್ನಿ ರಾದಿಯಾ.

ದಾರಿ ಮುಚ್ಚಿತ್ತು. ಯಾವ ಪ್ರೋಗ್ರಾಂ ಕೊಟ್ಟರೂ ಅದರ ನಡೆಯನ್ನು ತಪ್ಪದೆ ಹೇಳುವ ಸರ್ವಸಮರ್ಥ ವಿಧಾನ ಇರಲಾರದು ಎಂದು ಗಣಿತಜ್ಞರಾದ ಟ್ಯೂರಿಂಗ್ (1936), ರೈಸ್ (1953) ಸಾಧಿಸಿಬಿಟ್ಟಿದ್ದರು. 1977ರಲ್ಲಿ ಲಾಸ್ ಏಂಜಲೀಸ್‌ನ ಸಮ್ಮೇಳನದಲ್ಲಿ ಈ ಜೋಡಿ ಮಂಡಿಸಿದ ಪ್ರಬಂಧ ಅದೇ ಗೋಡೆಯ ಪಕ್ಕದಲ್ಲೊಂದು ಬಾಗಿಲು ತೆರೆಯಿತು!

ತರ್ಕ ಎಷ್ಟು ಸರಳ ನೋಡಿ. 4,837ನ್ನು ಮೈನಸ್ 291ರಿಂದ ಗುಣಿಸಿದರೆ ಎಷ್ಟು? ತಟ್ಟನೆ ಹೊಳೆಯದು. ಆದರೆ ಉತ್ತರ ಮೈನಸ್ ಎಂದು ಶಾಲೆಯ ಮಗುವೂ ಹೇಳುತ್ತದೆ. ಅಂಕಿಗಳನ್ನು ಬಿಟ್ಟು ಚಿಹ್ನೆಯನ್ನಷ್ಟೇ ಹಿಡಿದರೂ ಸಿಕ್ಕಿದ್ದು ಸಂಶಯವಿಲ್ಲದ ಸತ್ಯ! ಬೇಕೆಂದೇ ಕಡಿಮೆ ತಿಳಿಯುವುದು, ತಿಳಿದಷ್ಟು ಎಂದೂ ಸುಳ್ಳಾಗದಂತೆ ಕಾಯುವುದು: ಇದೇ ‘ಅಬ್‌ಸ್ಟ್ರ್ಯಾಕ್ಟ್ ಇಂಟರ್‌ಪ್ರಿಟೇಶನ್’.

ಪ್ರೋಗ್ರಾಮಿನಲ್ಲಿ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಲೂಪ್ ಬಂದರೆ? ಅಲ್ಲಿನ ಚಲಕವೊಂದರ ಬೆಲೆಯ ವ್ಯಾಪ್ತಿ 0ಯಿಂದ 1, 0ಯಿಂದ 2, 0ಯಿಂದ 3 ಎಂದು ಹಿಗ್ಗುತ್ತಲೇ ಹೋದರೆ ಲೆಕ್ಕ ಮುಗಿಯುವುದೆಂದು? ಕೂಝೊ ದಂಪತಿ ಅದನ್ನು ಒಂದೇ ನೆಗೆತಕ್ಕೆ ಅನಂತದವರೆಗೆ ಹಿಗ್ಗಿಸಿ, ಲೂಪಿನ ಷರತ್ತನ್ನು ಹಿಡಿದು ಮತ್ತೆ ಕುಗ್ಗಿಸುತ್ತಾರೆ. ಅನಂತವೇ ಇಲ್ಲಿ ಒಳದಾರಿ!

1978ರಲ್ಲಿ ಗ್ರೆನೋಬಲ್‌ನಲ್ಲಿ ಪ್ಯಾಟ್ರಿಕ್ ಅವರ ಮಹಾಪ್ರಬಂಧ; ಮುಂದೆ ಎಕೋಲ್ ಪಾಲಿಟೆಕ್ನಿಕ್, ಎಕೋಲ್ ನಾರ್ಮಾಲ್, ನ್ಯೂಯಾರ್ಕ್ ವಿಶ್ವವಿದ್ಯಾಲಯಗಳಲ್ಲಿ ಪಾಠ, ಸಂಶೋಧನೆ. ಈ ನಡುವೆ, 1996ರ ಜೂನ್ 4ರಂದು, ಏರಿಯಾನ್ 5 ರಾಕೆಟ್ ಮೇಲೇರಿ 40 ಸೆಕೆಂಡು ಕಳೆಯುವ ಮೊದಲೇ ಸಿಡಿಯಿತು. 16 ಬಿಟ್‌ಗಳ ಜಾಗದಲ್ಲಿ ಹಿಡಿಸಲಾರದ ಸಂಖ್ಯೆಯೊಂದು ಅದರ ದಿಕ್ಕು ತಪ್ಪಿಸಿತ್ತು. ಇಂಥ ದೋಷಗಳೇ ಈ ಗಣಿತದ ನೇರ ಗುರಿ.

2001ರಲ್ಲಿ ಪ್ಯಾರಿಸ್‌ನಲ್ಲಿ ಪ್ಯಾಟ್ರಿಕ್ ಅವರ ತಂಡ ‘ಆಸ್ಟ್ರೇ’ ಎಂಬ ವಿಶ್ಲೇಷಕವನ್ನು ಕಟ್ಟತೊಡಗಿತು. 2003ರಲ್ಲಿ ಅದು ಏರ್‌ಬಸ್ ಎ340 ವಿಮಾನವನ್ನು ನಿಯಂತ್ರಿಸುವ 1,32,000 ಸಾಲುಗಳ ಸಿ ಪ್ರೋಗ್ರಾಮನ್ನು ಜಾಲಾಡಿತು. ಸೊನ್ನೆಯಿಂದ ಭಾಗಾಕಾರವಿಲ್ಲ, ಸಂಖ್ಯೆ ಉಕ್ಕುವುದಿಲ್ಲ, ಅರೇ ಮೇರೆ ಮೀರುವುದಿಲ್ಲ. ಎಲ್ಲವೂ ಸಾಧಿತ, ಒಂದೂ ಸುಳ್ಳು ಎಚ್ಚರಿಕೆಯಿಲ್ಲದೆ! ಅದೂ ಒಂದು ಸಾಮಾನ್ಯ ಪಿಸಿಯ ಮೇಲೆ, ಒಂದೂವರೆ ಗಂಟೆಯೊಳಗೆ!

ರಾದಿಯಾ 2014ರಲ್ಲಿ ತೀರಿಕೊಂಡರು. 2018ರಲ್ಲಿ ಪ್ಯಾಟ್ರಿಕ್‌ಗೆ ಜಾನ್ ಫಾನ್ ನಾಯ್ಮನ್ ಪದಕ ಬಂತು. 2021ರಲ್ಲಿ ಈ ಶಾಸ್ತ್ರದ ತತ್ತ್ವಗಳ ಬೃಹತ್ ಗ್ರಂಥವನ್ನೂ ಕೊಟ್ಟರು. ಪರೀಕ್ಷೆ ಮಾಡಿ ನೋಡಿದರೆ ಇದ್ದ ತಪ್ಪು ಸಿಗಬಹುದು; ತಪ್ಪೇ ಇಲ್ಲವೆಂಬ ಭರವಸೆ ಹುಟ್ಟುವುದು ಗಣಿತದ ಸಾಧನೆಯಿಂದ ಮಾತ್ರ. ಆ ಭರವಸೆಯನ್ನು ಯಂತ್ರವೇ ಕೊಡಬಲ್ಲದು ಎಂದು ತೋರಿಸಿದ ಬದುಕು ಇದು!