ನಡುವಿಗೆ ಸಿಕ್ಕಿಸಿದ ಅಲಗು

ಗಜೇಂದ್ರಗಡದ ಮಗ್ಗುಲಿನ ಪುರ್ತಗೇರಿಯಂಥ ಊರಿನಲ್ಲಿ ಹೊಲಕ್ಕೆ ಹೊರಟವರ ಬುತ್ತಿಗಂಟಿನ ಜೊತೆ ಕುಡಗೋಲು ಇದ್ದೇ ಇರುತ್ತದೆ. ಗಂಡಸರು ಬೆನ್ನ ಕಡೆ ನಡುವಿಗೆ ಸಿಕ್ಕಿಸಿಕೊಳ್ಳುತ್ತಾರೆ, ಹೆಣ್ಣುಮಕ್ಕಳು ಬುಟ್ಟಿಯಲ್ಲಿಡುತ್ತಾರೆ. ಬದುವಿನ ಹುಲ್ಲು ಕೊಯ್ಯಲು, ಬೇರುಸಹಿತ ಕಿತ್ತು ಹಾಕಿದ ಜೋಳದ ತೆನೆ ಬೇರೆ ಮಾಡಲು, ಉಳ್ಳಾಗಡ್ಡಿಯ ತಪ್ಪಲು ಕತ್ತರಿಸಲು, ಸಿಕ್ಕುಬಿದ್ದ ಹಗ್ಗ ಹರಿಯಲು ಎಲ್ಲಕ್ಕೂ ಅದೊಂದೇ ಅಲಗು.

ಕಿಸೆಯಲ್ಲಿಡುವ ಮಡಚು ಚಾಕು ಇಲ್ಲಿ ಅದರ ಜಾಗ ಹಿಡಿಯಲಿಲ್ಲ. ಕೀಲಿನೊಳಗೆ ಎರೆಮಣ್ಣಿನ ಧೂಳು, ಉಳ್ಳಾಗಡ್ಡಿಯ ರಸ ಸೇರಿದರೆ ತುಕ್ಕು ಹಿಡಿಯುತ್ತದೆ. ಬಲ ಹಾಕಿದಾಗ ಮೊದಲು ಸಡಿಲಾಗುವುದೂ ಕೀಲೇ, ಮಡಚಿಕೊಂಡು ಬೆರಳಿಗೆ ಬರುವುದೂ ಅಲ್ಲಿಂದಲೇ. ಕೀಲಿಲ್ಲದ ಅಲಗಿಗೆ ಈ ಭಯವಿಲ್ಲ. ಅದರ ಬಾಲ ಕಟ್ಟಿಗೆಯ ಹಿಡಿಯೊಳಕ್ಕೆ ಆಳವಾಗಿ ಇಳಿದಿರುತ್ತದೆ, ಹಿಡಿ ಸೀಳದಂತೆ ಬಾಯಿಗೆ ಕಬ್ಬಿಣದ ಅಣಸು ಬಿಗಿದಿರುತ್ತದೆ. ಹಿಡಿ ಮುರಿದರೆ ಜಾಲಿ ಕಟ್ಟಿಗೆಯದು ಇನ್ನೊಂದು. ಅಲಗು ಮಾತ್ರ ಅದೇ.

ಆದರೆ ಈ ಸೀಮೆಯ ನಡುವಿಗೆ ಕುಡಗೋಲೊಂದೇ ಉಳಿದದ್ದು ಹೇಗೆ? ನಮ್ಮ ನಾಡಿನ ವೀರಗಲ್ಲುಗಳನ್ನು ನೋಡಿದರೆ ವೀರನ ಸೊಂಟದಲ್ಲಿ ಕಠಾರಿ ಕಾಣುತ್ತದೆ. ಆ ಕಠಾರಿ ಹೋದ ದಾರಿ ಹುಡುಕಿದರೆ ನಾವು 1857ಕ್ಕೆ ಬಂದು ನಿಲ್ಲುತ್ತೇವೆ.

ಆ ವರ್ಷದ ಸೆಪ್ಟೆಂಬರಿನಲ್ಲಿ ಕಂಪನಿ ಸರಕಾರ ನಿಶ್ಶಸ್ತ್ರೀಕರಣ ಕಾಯ್ದೆ ತಂದಿತು. ಮುಧೋಳ ಸೀಮೆಯ ಹಲಗಲಿಯ ಬೇಡರು ತಮ್ಮ ಆಯುಧ ಕೊಡುವುದಿಲ್ಲ ಎಂದರು. ನವೆಂಬರಿನಲ್ಲಿ ದಂಡು ಬಂದು ಊರನ್ನು ಸುಟ್ಟಿತು. ಡಿಸೆಂಬರಿನಲ್ಲಿ ಮುಧೋಳ ಮತ್ತು ಹಲಗಲಿಯಲ್ಲಿ ಹಲವರನ್ನು ಗಲ್ಲಿಗೇರಿಸಿದರು. ಆ ದುಃಖವನ್ನು ಜನ ಲಾವಣಿ ಮಾಡಿ ಹಾಡಿದರು, ಶಾಸನ ವಿದ್ವಾಂಸನೂ ಆಗಿದ್ದ ಬ್ರಿಟಿಷ್ ಅಧಿಕಾರಿ ಫ್ಲೀಟ್ ಸಾಹೇಬ ಅದನ್ನು ಬರೆದಿಟ್ಟುಕೊಂಡ. ಮರುವರ್ಷ ಬೆಂಕಿ ನರಗುಂದಕ್ಕೆ ಹತ್ತಿತು. ದತ್ತು ಸ್ವೀಕಾರಕ್ಕೆ ಅನುಮತಿ ಸಿಗದೆ ಕುದಿಯುತ್ತಿದ್ದ ಅಲ್ಲಿನ ಅರಸ ಬಾಬಾಸಾಹೇಬ ಭಾವೆ ಎದ್ದು ನಿಂತ. 1858ರ ಮೇ 29ರ ರಾತ್ರಿ ಸುರೇಬಾನದಲ್ಲಿ ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್ ಹತನಾದ. ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬನನ್ನು ಗಲ್ಲಿಗೇರಿಸಿದರು. ಇದರ ನಡುವೆಯೇ ಮುಂಡರಗಿ ಭೀಮರಾಯ ಕೊಪ್ಪಳದ ಕೋಟೆಯಲ್ಲಿ ಬ್ರಿಟಿಷರ ವಿರುದ್ಧ ಹೋರಾಡುತ್ತ ಮಡಿದ. ಬಂಡೆದ್ದ ಸೀಮೆ ಎಂಬ ಹೆಸರು ಹೊತ್ತ ಮೇಲೆ ಸೊಂಟದಲ್ಲಿ ಕಠಾರಿ ಇಟ್ಟುಕೊಂಡು ತಿರುಗುವುದು ಸುಲಭವಿರಲಿಲ್ಲ. ದುಡಿಮೆಯ ಅಲಗನ್ನು ಮಾತ್ರ ಯಾವ ಸರಕಾರವೂ ಕಸಿಯುವಂತಿರಲಿಲ್ಲ. ಸುಗ್ಗಿ ನಿಂತರೆ ಕಂದಾಯವೂ ನಿಲ್ಲುತ್ತಿತ್ತು.

ಅದೇ ಕಾಯ್ದೆ ಕೊಡಗಿನಲ್ಲಿ ಬೇರೆ ಫಲ ಕೊಟ್ಟಿತು. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡಗಿನ ಜನರಿಗೆ ವಿನಾಯಿತಿ ಕೊಟ್ಟ. ಬಂದೂಕಿನ ಪರವಾನಗಿಯ ವಿಷಯದಲ್ಲಿ ಕೊಡವರಿಗೂ ವಂಶಪಾರಂಪರ್ಯದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಆ ವಿನಾಯಿತಿ ಇಂದಿಗೂ ಇದೆ. ಕೇಂದ್ರ ಸರಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು. ಹೀಗಾಗಿ ಕುಪ್ಯ ಎಂಬ ಉದ್ದನೆಯ ಅಂಗಿಯ ಮೇಲೆ ಸುತ್ತಿದ ಕೆಂಪು ನಡುಪಟ್ಟಿ ಚೇಲೆಯಲ್ಲಿ ಮುಂದುಗಡೆ ಪೀಚೆಕತ್ತಿ, ಬೆನ್ನಿಗೆ ಅಗಲವಾದ ಒಡಿಕತ್ತಿ ಉಳಿದುಬಂದವು. ಪೀಚೆಕತ್ತಿ ಸಣ್ಣ ಅಲಗು, ಕೆತ್ತನೆಯ ಹಿಡಿ, ಬೆಳ್ಳಿಯ ಸರಪಳಿ. ನೋಡಲು ಬಹಳ ಚೆಂದ. ಆದರೆ ಇಂದು ಅದು ಮದುವೆ, ಹಬ್ಬಗಳಲ್ಲಿ ನಡುವಿಗೇರುವ ಒಡವೆ. ಆಯುಧವಾಗಿ ಉಳಿಯಲು ಬಿಟ್ಟದ್ದು ಅಲಂಕಾರವಾಯಿತು, ಆಯುಧವಲ್ಲ ಎಂದು ಬಿಟ್ಟುಬಿಟ್ಟದ್ದು ಇಂದಿಗೂ ದಿನದ ಕೆಲಸಕ್ಕೆ ಬರುತ್ತಿದೆ.

ಬೀದರಿನದು ಮೂರನೆಯ ದಾರಿ. 1699ರಲ್ಲಿ ಆನಂದಪುರದಲ್ಲಿ ಗುರು ಗೋಬಿಂದ ಸಿಂಗರ ಕರೆಗೆ ತಲೆ ಕೊಡಲು ಎದ್ದ ಐವರಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಬೀದರಿನವರು. ಅಂದು ಆರಂಭವಾದ ಖಾಲ್ಸಾದ ಕಿರ್ಪಾನಿಗೆ ಸಂವಿಧಾನದ 25ನೆಯ ವಿಧಿಯ ವಿವರಣೆಯಲ್ಲೇ ರಕ್ಷಣೆ ಇದೆ. ದೇಶದೊಳಗಿನ ವಿಮಾನಗಳಲ್ಲಿ ಅಲಗು 6 ಇಂಚು, ಒಟ್ಟು ಉದ್ದ 9 ಇಂಚು ಮೀರದ ಕಿರ್ಪಾನನ್ನು ಸಿಖ್ ಪ್ರಯಾಣಿಕರು ಧರಿಸಬಹುದು. ಅದು ಹಗ್ಗ ಕೊಯ್ಯುವ ಅಲಗಲ್ಲ, ಪ್ರತಿಜ್ಞೆಯ ಅಲಗು. ದಿನವೂ ಮೈಮೇಲಿರಬೇಕು ಎಂಬ ಒಂದು ಗುಣದಲ್ಲಿ ಮಾತ್ರ ಅದು ಕುಡಗೋಲಿನ ಜೊತೆಗಾರ.

ಇಂದಿನ ಶಸ್ತ್ರಾಸ್ತ್ರ ನಿಯಮಗಳೂ ಆಯುಧಕ್ಕೂ ದುಡಿಮೆಯ ಅಲಗಿಗೂ ನಡುವಿನ ಹಳೆಯ ಆ ಗೆರೆಯನ್ನೇ ಎಳೆಯುತ್ತವೆ. ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲವಿದ್ದರೆ ಚೂರಿ ಆಯುಧಗಳ ಪಟ್ಟಿಗೆ ಸೇರುತ್ತದೆ. ಮನೆ, ಬೇಸಾಯ, ವಿಜ್ಞಾನ, ಕೈಗಾರಿಕೆಗಾಗಿ ಮಾಡಿದ್ದು ಸೇರುವುದಿಲ್ಲ.

ಆ ಬೇಸಾಯದ ಅಲಗನ್ನು ಮಾಡುತ್ತಿದ್ದವನು ಊರ ಕಮ್ಮಾರ. ಆಯಗಾರಿಕೆಯಲ್ಲಿ ಅವನಿಗೆ ಒಂದೊಂದು ಕೆಲಸಕ್ಕೆ ರೊಕ್ಕವಿರಲಿಲ್ಲ. ವರ್ಷವಿಡೀ ಕುಳ, ಕುಡಗೋಲು ಹಣಿದುಕೊಟ್ಟು ರಾಶಿಯ ದಿನ ಕಣದಲ್ಲಿ ತನ್ನ ಪಾಲಿನ ಕಾಳು ಅಳೆಸಿಕೊಳ್ಳುತ್ತಿದ್ದ. ಯಾರ ಕೈ ದೊಡ್ಡದು, ಯಾರು ಎಡಚರು ಎಂಬುದು ಅವನಿಗೆ ಗೊತ್ತಿತ್ತು. ಕೆಟ್ಟ ಅಲಗು ಕೊಟ್ಟರೆ ಅದು ಮತ್ತೆ ಅವನ ಕುಲುಮೆಗೇ ಬರುತ್ತಿತ್ತು, ಹೊಸ ಕಾಳಿಲ್ಲದೆ. ಬಾಳಿಕೆಯ ಅಲಗು ಮಾಡಲು ಇದಕ್ಕಿಂತ ಒಳ್ಳೆಯ ಏರ್ಪಾಡನ್ನು ನಾನು ಕಾಣೆ.

ಲಾರಿಗಳು ಬಂದ ಮೇಲೆ ಅವನಿಗೆ ಒಳ್ಳೆಯ ಉಕ್ಕು ಅಗ್ಗವಾಗಿ ಸಿಕ್ಕಿತು. ಗುಜರಿಯ ಸ್ಪ್ರಿಂಗ್ ಪಟ್ಟಿಯಲ್ಲಿ ಇಂಗಾಲ ಸುಮಾರು ಶೇ 0.6ರಷ್ಟಿರುತ್ತದೆ, ಹದ ಹಾಕಿದರೆ ಗಟ್ಟಿಯಾಗುತ್ತದೆ, ಆದರೂ ಬಾಗುವ ಗುಣ ಬಿಡುವುದಿಲ್ಲ. ಕಾದ ಅಲಗಿನ ಬಣ್ಣವನ್ನು ಅವನು ಕುಲುಮೆಯ ನೆರಳಲ್ಲೇ ನೋಡುತ್ತಾನೆ, ಏಕೆಂದರೆ ಬಿಸಿಲಿನಲ್ಲಿ ಆ ಕೆಂಪು ಮೋಸ ಮಾಡುತ್ತದೆ. ಅಂಚನ್ನು ನೀರಿಗಿಳಿಸಿ ತೆಗೆದಾಗ ಬೆನ್ನಿನ ಬಿಸಿ ಅಂಚಿನ ಕಡೆ ಹರಿಯುತ್ತದೆ. ಉಜ್ಜಿ ಹೊಳಪು ಬರಿಸಿದ ಕಡೆ ಮೊದಲು ಒಣಹುಲ್ಲಿನ ಹಳದಿ, ಆಮೇಲೆ ಕಂದು, ಕೊನೆಗೆ ನೀಲಿ ಬಣ್ಣ ಏರುತ್ತದೆ. ಹಳದಿಯಲ್ಲಿ ನಿಲ್ಲಿಸಿದರೆ ಹರಿತ ಬಹಳ ದಿನ ನಿಲ್ಲುತ್ತದೆ. ನೀಲಿಗೆ ಬಿಟ್ಟರೆ ಅಂಚು ಮೆದುವಾಗುತ್ತದೆ, ಮುರಿಯುವುದಿಲ್ಲ. ಕೆಲವು ಕ್ಷಣಗಳ ಈ ತೀರ್ಮಾನ ಒಂದು ಅಲಗಿನ ಪೂರ್ತಿ ಆಯುಷ್ಯವನ್ನು ನಿರ್ಧರಿಸುತ್ತದೆ.

ಈಗ ಸಂತೆಗಳಲ್ಲಿ ಕಾರ್ಖಾನೆಯ ಸ್ಟೀಲ್ ಚಾಕುಗಳು ಪ್ಲಾಸ್ಟಿಕ್ ಹಿಡಿಯೊಂದಿಗೆ ರಾಶಿ ಬಿದ್ದಿರುತ್ತವೆ. ಕ್ರೋಮಿಯಂ ಬೆರೆತ ಆ ಉಕ್ಕು ತುಕ್ಕು ಹಿಡಿಯುವುದು ಕಡಿಮೆ, ಅಡುಗೆಮನೆಗೆ ಅನುಕೂಲ. ಅದರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಸವೆದಾಗ ಅದನ್ನು ಊರ ಕುಲುಮೆಯಲ್ಲಿ ಕಾಸಿ ಹಣಿಯಲಾಗದು, ಹಿಡಿ ಸಡಿಲಾದರೆ ಹೊಸದು ಕೂರಿಸಲಾಗದು. ದಿನವೂ ಜೊತೆಗಿಟ್ಟುಕೊಳ್ಳುವ ಅಲಗು ಬೇಕೆಂದು ಯಾರಾದರೂ ಕೇಳಿದರೆ ನಾನು ಕಮ್ಮಾರನ ಕಡೆಗೇ ಕಳಿಸುತ್ತೇನೆ. ಗೇಣಿಗಿಂತ ಗಿಡ್ಡದು, ಬೆನ್ನು ದಪ್ಪ, ಅಂಚು ತೆಳ್ಳಗೆ, ಬಾಲ ಹಿಡಿಯ ಅರ್ಧಕ್ಕಿಂತ ಆಳಕ್ಕೆ ಇಳಿದಿರಲಿ ಎಂದು ಕೇಳಿಕೊಳ್ಳಿ. ಮುಂಗಡವಾಗಿ ಅರ್ಧ ರೊಕ್ಕ ಕೊಡಿ, ಮತ್ತು ಅವನು ಕೇಳಿದ ದರ ಇಳಿಸಬೇಡಿ.