ಯೂದ ಮಾಡಿದ್ದು ದ್ರೋಹವೇ?

ಪ್ರಶ್ನೆ: ಯೇಸುವನ್ನು ವಿರೋಧಿಗಳ ಕೈಗೆ ಒಪ್ಪಿಸಿದ ಶಿಷ್ಯ ಯೂದನ ಕೃತ್ಯಕ್ಕೆ ಮೂಲ ಗ್ರೀಕ್ ಬೈಬಲಿನಲ್ಲಿ ‘ದ್ರೋಹ’ ಎಂಬ ಪದವೇ ಇಲ್ಲವಂತೆ, ನಿಜವೇ?

ಉತ್ತರ: ಬಹುಮಟ್ಟಿಗೆ ನಿಜ. ಸುವಾರ್ತೆಗಳಲ್ಲಿ ಅವನ ಕೆಲಸಕ್ಕೆ ಬಳಸಿದ ಕ್ರಿಯಾಪದ ‘ಪರದಿದೋಮಿ’. ಒಪ್ಪಿಸು, ಕೈಗೆ ಕೊಡು ಎಂದು ಅದರ ಅರ್ಥ. ಅದರೊಳಗಿನ ‘ದಿದೋಮಿ’ಗೂ ಸಂಸ್ಕೃತದ ‘ದದಾಮಿ’ಗೂ ಬೇರು ಒಂದೇ. ರೋಮನ್ ಅಧಿಪತಿ ಪಿಲಾತನು ಯೇಸುವನ್ನು ಶಿಲುಬೆಗೆ ಒಪ್ಪಿಸಿದಾಗಲೂ ಇದೇ ಪದ. ದೇವರೇ ತನ್ನ ಮಗನನ್ನು ನಮಗಾಗಿ ಒಪ್ಪಿಸಿಕೊಟ್ಟನೆಂದು ಅಪೊಸ್ತಲ ಪೌಲ ರೋಮಾಪುರದವರಿಗೆ ಬರೆಯುವಾಗಲೂ ಇದೇ. 1 ಕೊರಿಂಥ 11:23ರಲ್ಲಂತೂ ಒಂದೇ ವಚನದಲ್ಲಿ ಎರಡು ಸಲ ಬರುತ್ತದೆ: ಪೌಲ ತಾನು ಪಡೆದ ಬೋಧನೆಯನ್ನು ದಾಟಿಸಿದ್ದಕ್ಕೆ ಒಮ್ಮೆ, ಯೇಸುವನ್ನು ರಾತ್ರಿ ಒಪ್ಪಿಸಿದ್ದಕ್ಕೆ ಇನ್ನೊಮ್ಮೆ. ಕನ್ನಡದ ‘ಹಿಡಿದುಕೊಡು’ ಈ ಅರ್ಥಕ್ಕೆ ಹತ್ತಿರವಿದೆ.

ಹಾಗೆಂದು ಯೂದ ನಿರಪರಾಧಿ ಎನ್ನಲು ನನಗೆ ಮನಸ್ಸು ಒಪ್ಪುವುದಿಲ್ಲ. ಲೂಕ 6:16 ಅವನನ್ನು ‘ಪ್ರೊದೊತೇಸ್’, ಅಂದರೆ ದ್ರೋಹಿ, ಎಂದೇ ಕರೆಯುತ್ತದೆ. ಅವನಿಗೆ ಆ ಪದ ಬಂದಿರುವುದು ಅದೊಂದೇ ಕಡೆ. ಮತ್ತಾಯ 27ರಲ್ಲಿ ಅವನು ಈ ಕೆಲಸಕ್ಕಾಗಿ ಪಡೆದಿದ್ದ 30 ಬೆಳ್ಳಿ ನಾಣ್ಯಗಳನ್ನು ಹಿಂದಕ್ಕೆ ತಂದು, ನಿರಪರಾಧಿಯ ರಕ್ತವನ್ನು ಒಪ್ಪಿಸಿ ಪಾಪ ಮಾಡಿದೆನೆಂದು ಹೇಳುತ್ತಾನೆ. ಅವನ ಬಾಯಲ್ಲಿ ಬರುವುದೂ ಅದೇ ‘ಪರದಿದೋಮಿ’. ಆ ಅಧ್ಯಾಯದ ಮೊದಲ 5 ವಚನಗಳನ್ನು ದಯವಿಟ್ಟು ಒಮ್ಮೆ ನಿಧಾನವಾಗಿ ಓದಿ.